ಹಳೆಯ ಕಾರಿನ ರಬ್ಬರು, ಮುದ್ದೇನಹಳ್ಳಿಯ ಕನಸು

ಮುದ್ದೇನಹಳ್ಳಿ ಎಂದೊಡನೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೆನಪಾಗುತ್ತದೆ. ಮೋಟಾರು ಕಾರು ನೆನಪಾಗುವುದು ಅಪರೂಪ. ಚಿಕ್ಕಬಳ್ಳಾಪುರದ ಮಗ್ಗುಲಿನ ಈ ಊರಿನಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದು ಆರಂಭಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಎಪ್ಪತ್ತು ದಾಟಿದ ಮೇಲೆ ಹಲವು ವರ್ಷ ಒಂದು ಮೋಟಾರು ಕಾರ್ಖಾನೆಯ ಬೆನ್ನು ಹತ್ತಿ ಓಡಾಡಿದರು. ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ಹಡಗು ಹತ್ತಿ ಅಮೆರಿಕದ ಕಾರ್ಖಾನೆಗಳನ್ನು ನೋಡಲು ಹೋದರು. ಅವರು ಬಯಸಿದ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಕೊನೆಗೆ ಅದು ಬೇರೆ ರೂಪದಲ್ಲಿ, ಬೇರೆ ಊರಿನಲ್ಲಿ ಎದ್ದಿತು. ಅಲ್ಲಿಂದ ಹೊರಬಂದ ಡಾಡ್ಜ್, ಪ್ಲಿಮತ್, ಡಿಸೋಟೋ ಕಾರುಗಳಲ್ಲಿ ಉಳಿದುಕೊಂಡಿರುವ ಕೆಲವನ್ನು ಈಗ ಹವ್ಯಾಸಿಗಳು ಶೆಡ್ಡುಗಳಿಂದ ಎಳೆದು ತಂದು ಜೀವ ತುಂಬುತ್ತಿದ್ದಾರೆ. ಹಾಗೆ ಜೀವ ತುಂಬುವಾಗ ಹೆಚ್ಚು ಕಾಡುವುದು ಎಂಜಿನ್ನೂ ಅಲ್ಲ, ತಗಡೂ ಅಲ್ಲ. ಎರಡು ಸಣ್ಣ ವಸ್ತುಗಳು: ಎಣ್ಣೆ, ನೀರು, ಗಾಳಿ ಸೋರದಂತೆ ತಡೆಯುವ ರಬ್ಬರು ಸೀಲುಗಳು ಮತ್ತು ಬ್ಯಾಟರಿ.

ಎಂಜಿನ್ನು ಎರಕದ ಕಬ್ಬಿಣ. ನಲವತ್ತು ವರ್ಷ ತುಕ್ಕು ಹಿಡಿದು ಬಿದ್ದಿದ್ದರೂ ಕೊರೆದು, ತಿಕ್ಕಿ, ಹೊಸ ಪಿಸ್ಟನ್ ಕೂರಿಸಿ ಎಬ್ಬಿಸಬಹುದು. ರಬ್ಬರಿನ ಕತೆ ಹಾಗಲ್ಲ. ಓಡುವ ಕಾರಿನ ರಬ್ಬರಿಗಿಂತ ನಿಂತ ಕಾರಿನ ರಬ್ಬರು ಬೇಗ ಸಾಯುತ್ತದೆ. ಓಡುತ್ತಿರುವಾಗ ಎಣ್ಣೆಯ ಪಸೆ ತಗುಲುತ್ತ, ಬಾಗುತ್ತ, ಮೆತ್ತಗಿರುತ್ತದೆ. ನಿಂತರೆ ಒಣಗಿ ಗಟ್ಟಿಯಾಗಿ ಬಿರಿಯುತ್ತದೆ. ಬ್ಯಾಟರಿಯೂ ಹೀಗೆಯೇ. ಬಳಸದೆ ಬಿಟ್ಟ ಸೀಸದ ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುತ್ತ ಹೋಗಿ, ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮತ್ತೆ ಚಾರ್ಜು ಹಿಡಿಯದ ಕಲ್ಲಾಗುತ್ತದೆ.

ಕಾರ್ಖಾನೆ ತಪ್ಪಿದ ಬಗೆ

ಮೊದಲು ಕಾರ್ಖಾನೆಯ ಕತೆ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಎಂದು ಪುಸ್ತಕ ಬರೆದ ವಿಶ್ವೇಶ್ವರಯ್ಯನವರು ಮರುವರ್ಷವೇ ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಉದ್ಯಮವನ್ನು ನೋಡಿ ಬಂದರು. 1936ರ ವೇಳೆಗೆ ಅವರ ಯೋಜನೆ ಸಿದ್ಧವಾಗಿತ್ತು. ಆಗ ಭಾರತದಲ್ಲಿ ಕಾರು ತಯಾರಾಗುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ, ಅದಾದ ಮೇಲೆ ಫೋರ್ಡ್ ಕೆಲವು ಬಂದರು ನಗರಗಳಲ್ಲಿ ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸುತ್ತಿದ್ದವು. ವಿಶ್ವೇಶ್ವರಯ್ಯನವರಿಗೆ ಬೇಕಿದ್ದದ್ದು ಜೋಡಿಸುವ ಅಂಗಡಿಯಲ್ಲ, ತಯಾರಿಸುವ ಕಾರ್ಖಾನೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಶತಮಾನದ ಮೆಕ್ಯಾನಿಕ್ಕುಗಳ ಪಾಡು ಅರ್ಥವಾಗುತ್ತದೆ.

ಯೋಜನೆ ಮೊದಲು ಮುಂಬಯಿ ಪ್ರಾಂತ್ಯವನ್ನು ಕುರಿತದ್ದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆಗೂಡಿದರು. ಅಮೆರಿಕದಲ್ಲಿ ಫೋರ್ಡ್ ಕಂಪೆನಿಯೊಡನೆ ಮಾತು ಕುದುರಲಿಲ್ಲ; ಕ್ರೈಸ್ಲರ್ ಒಪ್ಪಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತ್ತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ತೆರೆಯುವ ಮಾತು ಎದ್ದಾಗ ಮೈಸೂರು ಸರ್ಕಾರ ಬಂಡವಾಳದಲ್ಲಿ ಪಾಲು ಹಾಕಲು ಮುಂದಾಯಿತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಈ ಉದ್ಯಮವನ್ನು ಯುದ್ಧಕ್ಕೆ ನೆರವಾಗುವ ಉದ್ಯಮವೆಂದು ಒಪ್ಪಲಿಲ್ಲ, ಮೈಸೂರಿನ ಕೈಯನ್ನೂ ತಡೆಯಿತು. ಯುದ್ಧದ ಕಾಲದಲ್ಲಿ ಲಾರಿಯೂ ಯುದ್ಧಸಾಮಗ್ರಿಯಲ್ಲವೆಂದು ಹೇಳಲು ವಿಶೇಷ ಧೈರ್ಯ ಬೇಕು. ಅದೇ ಹೊತ್ತಿನಲ್ಲಿ, 1940ರ ಡಿಸೆಂಬರಿನಲ್ಲಿ, ಅದೇ ವಾಲ್‌ಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ವಿಮಾನ ಬಂತು, ಕಾರು ಬರಲಿಲ್ಲ. ಈ ಪ್ರಸಂಗದ ನೋವನ್ನು ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟವಾದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ದಾಖಲಿಸಿದ್ದಾರೆ.

ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿ ಕಟ್ಟಿದರು. 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಮನೆತನದ ಕಾರುಗಳೂ ಫಾರ್ಗೋ ಲಾರಿಗಳೂ ಹೊರಬಂದವು. ಒಂದೇ ಕಾರು ಮೂರು ಹೆಸರಿನಲ್ಲಿ, ಮುಂದಿನ ಜಾಲರಿ ಮತ್ತು ಬಿಲ್ಲೆ ಬದಲಾಯಿಸಿಕೊಂಡು ಮಾರಾಟವಾಗುತ್ತಿತ್ತು. ಆರು ಸಿಲಿಂಡರಿನ ಸೈಡ್ ವಾಲ್ವ್ ಎಂಜಿನ್ನು, ಬಸ್ಸಿನಷ್ಟು ಅಗಲದ ಸೀಟು, ಹಳ್ಳದ ರಸ್ತೆಗೂ ಜಗ್ಗದ ಕಬ್ಬಿಣದ ಚಾಸಿ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ ಸರ್ಕಾರ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪೆನಿಗಳಿಗೆ ಬಾಗಿಲು ತೋರಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟು ಕಟ್ಟಿದವು. ವಿಶ್ವೇಶ್ವರಯ್ಯನವರ ವಾದಕ್ಕೆ ಹದಿನೇಳು ವರ್ಷ ತಡವಾಗಿ ಸರ್ಕಾರದ ಮೊಹರು ಬಿದ್ದಂತಾಯಿತು. ಆದರೆ ಇದರಿಂದ ಇನ್ನೊಂದು ಪರಿಣಾಮವೂ ಆಯಿತು: ರಸ್ತೆಯಲ್ಲಿದ್ದ ಸಾವಿರಾರು ಅಮೆರಿಕನ್ ಕಾರುಗಳು ತವರಿಲ್ಲದ ಹೆಣ್ಣುಮಕ್ಕಳಂತಾದವು. ಬಿಡಿಭಾಗ ಬರುವ ದಾರಿ ಕಿರಿದಾಯಿತು. ಇದ್ದುದನ್ನು ಇದ್ದಲ್ಲಿಯೇ ಮಾಡಿಕೊಳ್ಳಬೇಕಾಯಿತು.

ಮೈಸೂರು ಸೀಮೆಯ ಬಸ್ಸು ಮಾಲೀಕರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ. ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದ ಪುಟ್ಟ ನ್ಯಾರೋಗೇಜು ರೈಲಿಗೆ ಪೈಪೋಟಿಯಾಗಿ ಬೆಳೆದವು ಈ ಕಡೆಯ ಖಾಸಗಿ ಬಸ್ಸುಗಳು. ರೈಲು ಹೋಗದ ಹಳ್ಳಿಗೂ ಬಸ್ಸು ಹೋಗುತ್ತಿತ್ತು. ತಲೆಯ ಮೇಲೆ ರೇಷ್ಮೆಗೂಡಿನ ಮೂಟೆ, ತರಕಾರಿ ಕುಕ್ಕೆ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಉದ್ದಗಲಕ್ಕೂ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿ, ಆ ಅನಿಲದಲ್ಲೇ ಎಂಜಿನ್ನು ಓಡಿಸಿದ್ದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾದಾಗ, ಅಂಥ ಕೈಗಳ ಅನುಭವವೇ ನಾಡಿನ ಡಿಪೋಗಳ ಬಂಡವಾಳ.

ಕಪ್ಪಗಿರುವುದೆಲ್ಲ ಒಂದೇ ರಬ್ಬರಲ್ಲ

ಈಗ ರಬ್ಬರಿಗೆ ಬರೋಣ. ಕ್ರೈಸ್ಲರ್ ಕಾರಿನ ಚರಿತ್ರೆಯಲ್ಲಿ ರಬ್ಬರಿಗೆ ವಿಶೇಷ ಸ್ಥಾನವಿದೆ. 1924ರಲ್ಲಿ ಆ ಹೆಸರಿನ ಮೊದಲ ಕಾರು ಬಂದಾಗ ಅದರ ದೊಡ್ಡ ಆಕರ್ಷಣೆ ನಾಲ್ಕು ಚಕ್ರಗಳಿಗೂ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು. ಲಾಕ್‌ಹೀಡ್ ರೂಪಿಸಿದ ಈ ಬ್ರೇಕಿನಲ್ಲಿ ಮೊದಲಿಗೆ ದ್ರವ ಸೋರದಂತೆ ತಡೆಯಲು ಚಕ್ಕಳದ ಬಟ್ಟಲುಗಳಿದ್ದವು. ಚಕ್ಕಳ ಒಣಗಿದರೆ ಸೋರಿಕೆ. ಕ್ರೈಸ್ಲರ್ ಎಂಜಿನಿಯರರು ಅದರ ಜಾಗಕ್ಕೆ ರಬ್ಬರಿನ ಬಟ್ಟಲು ತಂದರು. ಇಂದಿಗೂ ಬ್ರೇಕ್ ಸಿಲಿಂಡರಿನೊಳಗೆ ಕೂರುವುದು ಅದೇ ಬಟ್ಟಲಿನ ವಂಶ. ಗ್ಯಾರೇಜಿನ ಭಾಷೆಯಲ್ಲಿ 'ಕಪ್ಪು'.

ಬಯಲುಸೀಮೆಯ ಓದುಗರಿಗೆ ಇದೇ ಕತೆ ಬೇರೊಂದು ಕಡೆ ಗೊತ್ತಿರುತ್ತದೆ. ಊರಮುಂದಿನ ಕೊಳವೆಬಾವಿಯ ಕೈಪಂಪಿನಲ್ಲಿ ನೀರೆತ್ತುತ್ತಿದ್ದುದು ಚಕ್ಕಳದ ವಾಶರು. ಅದು ಸವೆದಾಗ ಹಿಡಿಯನ್ನು ಎಷ್ಟು ಒತ್ತಿದರೂ ಬರಿ ಗಾಳಿ. ಮುಂದೆ ಅದರ ಜಾಗಕ್ಕೆ ನೈಟ್ರೈಲ್ ರಬ್ಬರಿನ ವಾಶರು ಬಂತು. ರಿಪೇರಿಯ ಅಂತರ ದೀರ್ಘವಾಯಿತು. ಕೈಪಂಪಿನ ವಾಶರಿಗೂ ಪ್ಲಿಮತ್ತಿನ ಬ್ರೇಕ್ ಕಪ್ಪಿಗೂ ಕೆಲಸ ಒಂದೇ: ಜಾರಬೇಕು, ಆದರೆ ಜಿನುಗಬಾರದು.

ಬ್ರೇಕಿನ ಹಳೆಯ ದ್ರವ ಯಾವುದೆಂದು ಕೇಳಿದರೆ ಚಿಂತಾಮಣಿಯ ರೈತ ನಗಬಹುದು. ಹರಳೆಣ್ಣೆ. ಅದಕ್ಕೆ ಆಲ್ಕೊಹಾಲು ಬೆರೆಸಿದ ಮಿಶ್ರಣವನ್ನು ಬಹಳ ಕಾಲ ಬಳಸಿದರು. ಇದಕ್ಕೆ ಕಾರಣ ಸರಳ. ನೈಸರ್ಗಿಕ ರಬ್ಬರಿಗೆ ಮಣ್ಣಿನ ಎಣ್ಣೆಗಳು ಆಗುವುದಿಲ್ಲ. ಸೀಮೆಎಣ್ಣೆಯಲ್ಲಿ ಒಂದು ರಬ್ಬರ್ ತುಂಡು ಹಾಕಿಟ್ಟವರಿಗೆ ಗೊತ್ತು, ಬೆಳಿಗ್ಗೆಯ ಹೊತ್ತಿಗೆ ಅದು ನೆನೆದ ಕಡಲೆಯಂತೆ ಉಬ್ಬಿರುತ್ತದೆ. ಹರಳೆಣ್ಣೆ ಹಾಗೆ ಉಬ್ಬಿಸುವುದಿಲ್ಲ. ಆಮೇಲೆ ಗ್ಲೈಕಾಲಿನಿಂದ ಮಾಡಿದ ದ್ರವಗಳು ಬಂದವು, ಜೊತೆಗೆ ಹೊಸ ಹೊಸ ಕೃತಕ ರಬ್ಬರುಗಳೂ ಬಂದವು.

ಕೃತಕ ರಬ್ಬರಿನ ಚರಿತ್ರೆ ದೊಡ್ಡದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಹದವಾಗುತ್ತದೆಂದು ಕಂಡುಕೊಂಡದ್ದರಿಂದ ಹಿಡಿದು, 1930ರ ದಶಕದಲ್ಲಿ ಅಮೆರಿಕದ ನಿಯೋಪ್ರೀನ್ ಮತ್ತು ಜರ್ಮನಿಯ ನೈಟ್ರೈಲ್ ಬರುವವರೆಗೆ ನಡೆದ ಪ್ರಯೋಗಗಳು ಬೇರೆಯೇ ಲೇಖನವನ್ನು ಬೇಡುತ್ತವೆ. 1942ರಲ್ಲಿ ಜಪಾನ್ ಮಲಯವನ್ನು ಹಿಡಿದು ನೈಸರ್ಗಿಕ ರಬ್ಬರಿನ ದಾರಿ ಮುಚ್ಚಿದ್ದೇ ಅಮೆರಿಕ ಕೃತಕ ರಬ್ಬರನ್ನು ಭಾರೀ ಪ್ರಮಾಣದಲ್ಲಿ ಮಾಡಲು ಕಾರಣ ಎಂಬಷ್ಟು ಇಲ್ಲಿ ಸಾಕು. ಗ್ಯಾರೇಜಿಗೆ ಬೇಕಾದ ತಿಳಿವಳಿಕೆ ಇಷ್ಟು: ನೈಟ್ರೈಲ್ ರಬ್ಬರು ಎಂಜಿನ್ ಆಯಿಲನ್ನು ತಡೆದುಕೊಳ್ಳುತ್ತದೆ, ಗ್ಲೈಕಾಲ್ ಬ್ರೇಕ್ ದ್ರವದಲ್ಲಿ ಉಬ್ಬುತ್ತದೆ. 1960ರ ದಶಕದಲ್ಲಿ ಬಂದ ಇಪಿಡಿಎಂ ರಬ್ಬರು ಇದಕ್ಕೆ ತದ್ವಿರುದ್ಧ: ಬ್ರೇಕ್ ದ್ರವಕ್ಕೆ ಜಗ್ಗುವುದಿಲ್ಲ, ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಎಣ್ಣೆ ತಾಗಿದರೆ ಕೆಟ್ಟಿತು. ಎರಡೂ ಕಪ್ಪು, ಎರಡೂ ಮೃದು, ಅಂಗಡಿಯ ಡಬ್ಬಿಯಲ್ಲಿ ಪಕ್ಕಪಕ್ಕದಲ್ಲಿರುತ್ತವೆ. ಅಳತೆ ಸರಿಹೋಯಿತೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ವಾರಗಳಲ್ಲಿ ಕಪ್ಪು ಉಬ್ಬಿ ಪಿಸ್ಟನ್ ಹಿಂದೆ ಸರಿಯದೆ ಬ್ರೇಕು ಹಿಡಿದುಕೊಂಡೇ ಉಳಿಯುತ್ತದೆ, ಡ್ರಮ್ಮು ಕಾದು ಕೆಂಪಾಗುತ್ತದೆ, ದ್ರವ ಕುದಿಯುತ್ತದೆ, ಕಾಲಿನ ಕೆಳಗೆ ಪೆಡಲು ನೆಲಕ್ಕೆ ಇಳಿಯುತ್ತದೆ. ಇದು ನಂದಿಬೆಟ್ಟದ ಇಳಿಜಾರಿನ ತಿರುವಿನಲ್ಲಿ ಆದರೆ ಏನು ಗತಿ ಎಂದು ವಿವರಿಸಬೇಕಾಗಿಲ್ಲ. ಒಂದೂವರೆ ಟನ್ ತೂಕದ ಹಳೆಯ ಕಾರಿಗೆ ಎರಡನೆಯ ಬ್ರೇಕ್ ಮಾರ್ಗವೂ ಇರುವುದಿಲ್ಲ. ಒಂದು ಕಪ್ಪು ಸೋತರೆ ನಾಲ್ಕು ಚಕ್ರವೂ ಸೋತವು.

ಆದ್ದರಿಂದ ಅನುಭವಿಗಳು ಹೊಸ ಕಪ್ಪನ್ನು ಕೂರಿಸುವ ಮುನ್ನ ಅದೇ ಜಾತಿಯ ಒಂದು ತುಂಡನ್ನು ಬಳಸಬೇಕಾದ ದ್ರವದಲ್ಲಿ ಕೆಲವು ದಿನ ಮುಳುಗಿಸಿಟ್ಟು ಅಳತೆ ನೋಡುತ್ತಾರೆ. ಸಿಲಿಂಡರಿನ ಒಳಮೈಯನ್ನೂ ನೋಡುತ್ತಾರೆ. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರುವುದರಿಂದ ನಿಂತ ಕಾರಿನ ಸಿಲಿಂಡರಿನಲ್ಲಿ ಸಿಡುಬಿನ ಕಲೆಗಳಂಥ ತುಕ್ಕಿನ ಗುಣಿಗಳು ಬಿದ್ದಿರುತ್ತವೆ. ಅಂಥ ಮೈಯ ಮೇಲೆ ಎಂಥ ಹೊಸ ರಬ್ಬರೂ ಹರಿಯುತ್ತದೆ. ಗುಣಿ ಆಳವಾಗಿದ್ದರೆ ಲೇತಿನಲ್ಲಿ ಕೊರೆದು ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ತೋಳು ಕೂರಿಸಬೇಕು. ಆಮೇಲೆ ರಬ್ಬರು.

ಎಂಜಿನ್ನಿನ ಹಿಂಬದಿಯ ಸೀಲು ಇನ್ನೊಂದು ಪೇಚಾಟ. ಹಳೆಯ ಅನೇಕ ಅಮೆರಿಕನ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ದಂಡದ ಸುತ್ತ ಎಣ್ಣೆ ತಡೆಯುತ್ತಿದ್ದುದು ಗ್ರಾಫೈಟು ಸವರಿದ ಹಗ್ಗ. ಅದರೊಳಗೆ ಆಸ್ಬೆಸ್ಟಾಸ್ ಇರುತ್ತಿತ್ತು. ಆಸ್ಬೆಸ್ಟಾಸಿನ ಎಳೆ ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಹಗ್ಗದ ಜಾಗಕ್ಕೆ ತುಟಿಯಿರುವ ರಬ್ಬರು ಸೀಲುಗಳು ಬಂದವು. ಆದರೆ ಹಗ್ಗಕ್ಕೆಂದು ಮಾಡಿದ ದಂಡದ ಮೈ ನುಣುಪಾಗಿರುವುದಿಲ್ಲ. ಎಣ್ಣೆಯನ್ನು ಒಳಕ್ಕೆ ತಳ್ಳಲೆಂದು ಹಲವು ದಂಡಗಳ ಮೇಲೆ ಗೀರುಗಳಿರುತ್ತವೆ. ಆ ಗೀರುಗಳು ಹೊಸ ರಬ್ಬರಿನ ತುಟಿಯನ್ನು ತಿಂದುಹಾಕುತ್ತವೆ. ಹೊಸದು ಎಂದರೆ ಉತ್ತಮ ಎಂಬ ನಂಬಿಕೆ ಇಲ್ಲಿ ಸೋಲುತ್ತದೆ. ತುಟಿಯ ಸೀಲನ್ನೇ ಹಾಕುವುದಾದರೆ ದಂಡವನ್ನು ನುಣುಪು ಮಾಡಬೇಕು, ತುಟಿ ಎಣ್ಣೆಯ ಕಡೆಗೆ ಮುಖ ಮಾಡಿರಬೇಕು, ಕೂರಿಸುವಾಗ ಎಣ್ಣೆ ಸವರಿರಬೇಕು. ಒಣ ಸೀಲು ಮೊದಲ ನಿಮಿಷದಲ್ಲೇ ಸುಟ್ಟುಹೋಗುತ್ತದೆ. ಹಳೆಯ ಸೀಲು ದಂಡದ ಮೇಲೆ ಗಾಡಿಯ ಜಾಡಿನಂತೆ ತೋಡು ಮಾಡಿದ್ದರೆ, ಹೊಸದನ್ನು ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಕೂರಿಸಿ ಆ ಜಾಡು ತಪ್ಪಿಸುವ ಉಪಾಯವೂ ಇದೆ.

ಬಾಗಿಲು, ಗಾಜು, ಡಿಕ್ಕಿಯ ಅಂಚಿನ ರಬ್ಬರು ಪ್ರಾಣಕ್ಕೆ ಎರವಾಗುವುದಿಲ್ಲ, ತಗಡಿಗೆ ಎರವಾಗುತ್ತದೆ. ಮಳೆನೀರು ಇಳಿದು ನೆಲದ ತಗಡು ಕೊಳೆಯುತ್ತದೆ. ಇವುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಾಟ, ಅಲ್ಲಿ ಸಿಗದಿದ್ದರೆ ಪೀಣ್ಯದಂಥ ಕೈಗಾರಿಕಾ ವಸಾಹತಿನ ಸಣ್ಣ ರಬ್ಬರು ಅಚ್ಚಿನ ಘಟಕಗಳಿಗೆ ಅಲೆದಾಟ. ಹಳೆಯ ತುಂಡೇ ಮಾದರಿ. ಆದರೆ ಹಳೆಯದು ಸೊರಗಿರುತ್ತದೆ, ಹೊಸದೂ ಅಚ್ಚಿನಿಂದ ಹೊರಬಂದು ತಣಿಯುವಾಗ ಕುಗ್ಗುತ್ತದೆ. ಈ ಎರಡು ಕುಗ್ಗುವಿಕೆಗಳನ್ನೂ ಲೆಕ್ಕ ಹಿಡಿದು ಅಚ್ಚನ್ನು ತುಸು ದೊಡ್ಡದಾಗಿ ಕೊರೆಯುವವನೇ ಕುಶಲಿ. ಒಂದೇ ಕಾರಿಗಾಗಿ ಅಚ್ಚು ಮಾಡಿಸುವುದು ದುಬಾರಿ. ಅದಕ್ಕೇ ಒಂದೇ ಮಾದರಿಯ ಕಾರಿರುವ ನಾಲ್ಕಾರು ಜನ ಸೇರಿ ಮಾಡಿಸುವುದುಂಟು.

ಆರು ವೋಲ್ಟು, ಉಲ್ಟಾ ಅರ್ತು

ಬ್ಯಾಟರಿಯ ವಿಷಯದಲ್ಲಿ ಕ್ರೈಸ್ಲರ್ ಕಾರುಗಳು ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತವೆ. ಮೊದಲನೆಯದು, 1955ರವರೆಗಿನ ಅವುಗಳ ಬ್ಯಾಟರಿ ಆರು ವೋಲ್ಟಿನದು. ಸೀಸದ ಬ್ಯಾಟರಿಯ ಒಂದೊಂದು ಕೋಶ ಸುಮಾರು ಎರಡು ವೋಲ್ಟು ಕೊಡುತ್ತದೆ. ಅಂದರೆ ಮೂರು ಕೋಶ. ಈಗಿನ ಕಾರುಗಳಲ್ಲಿ ಆರು ಕೋಶ, ಹನ್ನೆರಡು ವೋಲ್ಟು. ಎರಡನೆಯದು, ಈಗ ಎಲ್ಲ ಕಾರುಗಳಲ್ಲೂ ಬ್ಯಾಟರಿಯ ಋಣ ತುದಿ ಕಾರಿನ ಮೈಗೆ ಸೇರಿದ್ದರೆ, ಅವುಗಳಲ್ಲಿ ಧನ ತುದಿ ಮೈಗೆ ಸೇರಿರುತ್ತದೆ. ಹಲವು ಬ್ರಿಟಿಷ್ ಕಾರುಗಳಲ್ಲೂ ಇದೇ ಕ್ರಮವಿತ್ತು. ಹೀಗೆ ಮಾಡಿದರೆ ತಂತಿಗಳ ತುದಿ ಕಿಲುಬು ಹಿಡಿಯುವುದು ಕಡಿಮೆ ಎಂಬುದು ಆಗಿನ ನಂಬಿಕೆ.

ಸ್ಟಾರ್ಟರ್ ಮೋಟಾರಿಗೆ ಬೇಕಾದ ಶಕ್ತಿ ವೋಲ್ಟು ಮತ್ತು ಕರೆಂಟಿನ ಗುಣಲಬ್ಧ. ವೋಲ್ಟು ಅರ್ಧವಾದರೆ ಕರೆಂಟು ಇಮ್ಮಡಿಯಾಗಬೇಕು. ಇಮ್ಮಡಿ ಕರೆಂಟು ಹರಿಯಲು ದಪ್ಪ ಕೇಬಲ್ಲು ಬೇಕು. ಕಾಲುವೆ ಕಿರಿದಾದರೆ ಗದ್ದೆಯ ಕೊನೆಗೆ ನೀರು ಮುಟ್ಟದು. ಹಳೆಯ ಪ್ಲಿಮತ್ತುಗಳು ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂಬ ಅಪಖ್ಯಾತಿಗೆ ಬಹುಪಾಲು ಕಾರಣ ಎಂಜಿನ್ನಲ್ಲ. ಯಾವಾಗಲೋ ಯಾರೋ ಹಳೆಯ ದಪ್ಪ ಕೇಬಲ್ಲು ಕಿತ್ತು ಈಗಿನ ಕಾರುಗಳ ತೆಳು ಕೇಬಲ್ಲು ಹಾಕಿರುತ್ತಾರೆ. ಜೊತೆಗೆ ಮೈಗೆ ಸೇರುವ ಜಾಗದಲ್ಲಿ ಬಣ್ಣ ಮತ್ತು ತುಕ್ಕು. ಹೊಸ ಬ್ಯಾಟರಿ ತಂದರೂ ಮೋಟಾರು ಮುಲುಗುತ್ತದೆ. ಬೈಗುಳ ಬ್ಯಾಟರಿಗೆ.

ಆರು ವೋಲ್ಟಿನ ದೊಡ್ಡ ಬ್ಯಾಟರಿ ಈಗ ಸುಲಭವಾಗಿ ಸಿಗುವುದಿಲ್ಲ. ಹಳೆಯ ಸ್ಕೂಟರು, ಮೋಟಾರ್ ಸೈಕಲ್ಲುಗಳ ಆರು ವೋಲ್ಟಿನ ಬ್ಯಾಟರಿ ಇದಕ್ಕೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದ್ದರಿಂದ ಹನ್ನೆರಡು ವೋಲ್ಟಿನದನ್ನೇ ಕೂರಿಸುವ ಆತುರ ಸಹಜ. ಕೂರಿಸಿದರೆ ಬಲ್ಬುಗಳು ಒಮ್ಮೆಲೇ ಬೆಳಗಿ ಆರುತ್ತವೆ, ಇಂಧನದ ಮುಳ್ಳು ಸುಡುತ್ತದೆ, ಸ್ಟಾರ್ಟರು ಮಾತ್ರ ಹುರುಪಿನಿಂದ ತಿರುಗಿ ಫ್ಲೈವೀಲಿನ ಹಲ್ಲನ್ನು ಬಡಿಯುತ್ತದೆ. ಬದಲಾಯಿಸುವುದೇ ಆದರೆ ಬಲ್ಬು, ಕಾಯಿಲ್, ಡೈನಮೊ, ಮೀಟರು ಎಲ್ಲವನ್ನೂ ಬದಲಾಯಿಸಬೇಕು. ಆಗ ಕಾರು ಓಡುತ್ತದೆ, ಆದರೆ ಅದು ಪ್ಲಿಮತ್ತೇ ಎಂದು ಹಟ ಹಿಡಿದು ಹೇಳುವುದು ಕಷ್ಟವಾಗುತ್ತದೆ.

ಉಲ್ಟಾ ಅರ್ತಿನ ಅಪಾಯ ಇನ್ನೂ ಸೂಕ್ಷ್ಮ. ಬೇರೆ ಕಾರುಗಳಲ್ಲಿ ಪಳಗಿದ ಕೈ ಕಣ್ಣು ಮುಚ್ಚಿ ಋಣ ತುದಿಯನ್ನು ಮೈಗೆ ಸೇರಿಸುತ್ತದೆ. ಎಂಜಿನ್ನೂ ಹೊತ್ತಿಕೊಳ್ಳುತ್ತದೆ, ದೀಪವೂ ಉರಿಯುತ್ತದೆ. ಬಲ್ಬಿಗೆ ದಿಕ್ಕಿನ ಗೊಡವೆಯಿಲ್ಲ. ಆದರೆ ಆಮ್ಮೀಟರಿನ ಮುಳ್ಳು ಹಿಮ್ಮುಖವಾಗಿ ಓಡುತ್ತದೆ, ಡೈನಮೊ ಮತ್ತು ಬ್ಯಾಟರಿ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆದಾಡಿ ಕಟೌಟಿನ ಬಿಂದುಗಳು ಸುಟ್ಟುಹೋಗುತ್ತವೆ. ಬ್ಯಾಟರಿ ಬಿಚ್ಚುವಾಗಲೂ ಕ್ರಮ ತಿರುಗುಮುರುಗು. ಮೈಗೆ ಸೇರಿದ ತುದಿಯನ್ನು ಮೊದಲು ಬಿಚ್ಚಬೇಕೆಂಬುದು ನಿಯಮ. ಸಾಮಾನ್ಯ ಕಾರಿನಲ್ಲಿ ಅದು ಋಣ, ಇಲ್ಲಿ ಧನ. ತಪ್ಪಿದರೆ ಸ್ಪಾನರು ಮೈಗೆ ತಾಗಿ ಕಿಡಿ ಹಾರುತ್ತದೆ, ಚಾರ್ಜಾಗುತ್ತಿದ್ದ ಬ್ಯಾಟರಿಯ ಮೇಲೆ ಜಲಜನಕ ಇದ್ದೇ ಇರುತ್ತದೆ.

ಹಿಂದಿನ ಬ್ಯಾಟರಿಗಳ ಡಬ್ಬ ಎಬೊನೈಟಿನದು, ಅಂದರೆ ಗಂಧಕ ಹೆಚ್ಚಾಗಿ ಹಾಕಿ ಗಟ್ಟಿ ಮಾಡಿದ ರಬ್ಬರೇ. ಮೇಲ್ಭಾಗಕ್ಕೆ ಟಾರು ಸುರಿದು ಮುಚ್ಚುತ್ತಿದ್ದರು, ಕೋಶಗಳನ್ನು ಕೂಡಿಸುವ ಸೀಸದ ಪಟ್ಟಿ ಹೊರಗೇ ಕಾಣುತ್ತಿತ್ತು. ಒಂದು ಕೋಶ ಸತ್ತರೆ ಟಾರನ್ನು ಕಾಯಿಸಿ ತೆಗೆದು, ಆ ಕೋಶದ ಪ್ಲೇಟುಗಳನ್ನು ಮಾತ್ರ ಬದಲಾಯಿಸಿ, ಸೀಸ ಕರಗಿಸಿ ಬೆಸೆಯುವ ಅಂಗಡಿಗಳು ಪ್ರತಿ ಪೇಟೆಯಲ್ಲೂ ಇದ್ದವು. ಈಗಿನ ಪ್ಲಾಸ್ಟಿಕ್ ಡಬ್ಬ ಬಿಚ್ಚುವಂಥದ್ದಲ್ಲ. ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಚಾರ್ಜು ಇಳಿಯುತ್ತದೆ ಎಂದು ಇಂದಿಗೂ ಮರದ ಹಲಗೆ ಹುಡುಕುವ ಗ್ಯಾರೇಜುಗಳಿವೆ. ಅದು ಹಳೆಯ ಡಬ್ಬಗಳ ಕಾಲದ ನಂಬಿಕೆ. ಡಬ್ಬ ಹೋಗಿದೆ, ಹಲಗೆ ಉಳಿದಿದೆ.

ನೀರಿನ ವಿಚಾರದಲ್ಲಿ ಮಾತ್ರ ಈ ಸೀಮೆಯ ಮೆಕ್ಯಾನಿಕ್ಕುಗಳು ಹಟಮಾರಿಗಳು, ಸಕಾರಣವಾಗಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ನೀರು ಗಡಸಾಗಿದೆ, ಫ್ಲೋರೈಡೂ ಸೇರಿದೆ. ಮನುಷ್ಯರ ಹಲ್ಲಿಗೆ ಆಗದ ನೀರು ಬ್ಯಾಟರಿಯ ಪ್ಲೇಟಿಗೂ ಆಗುವುದಿಲ್ಲ. ಕರಗಿದ ಲವಣಗಳು ಪ್ಲೇಟುಗಳನ್ನು ಕೆಡಿಸುತ್ತವೆ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಮಾತ್ರ, ಕೋಶಗಳ ಪ್ಲೇಟು ಮುಳುಗುವಷ್ಟು ಮಾತ್ರ. ಹೈಡ್ರೊಮೀಟರಿನಲ್ಲಿ ಆಮ್ಲದ ಸಾಂದ್ರತೆ 1.26ರಿಂದ 1.28ರ ನಡುವೆ ನಿಂತರೆ ಬ್ಯಾಟರಿ ತುಂಬಿದೆ ಎಂದರ್ಥ. ಶೆಡ್ಡಿನಲ್ಲಿ ನಿಂತ ಕಾರಿಗೆ ತಿಂಗಳಿಗೊಮ್ಮೆಯಾದರೂ ಚಾರ್ಜು ಕೊಡಬೇಕು.

ಬೆಂಗಳೂರಿನ ಇನ್ನೊಂದು ಕಾರಿನಲ್ಲಿ ಆರು ವೋಲ್ಟಿನ ಬ್ಯಾಟರಿ ಮತ್ತೆ ಕಾಣಿಸಿಕೊಂಡಿತ್ತು ಎಂಬುದನ್ನು ಇಲ್ಲಿ ಹೇಳಬಹುದು. 2001ರಲ್ಲಿ ಬಂದ ವಿದ್ಯುತ್ ಕಾರು ರೇವಾದಲ್ಲಿದ್ದದ್ದು ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟು. ಬೆಂಗಳೂರಿನಲ್ಲೇ ತಯಾರಾದ ಈ ಕಾರು ಬಂದದ್ದು ವಿಶ್ವೇಶ್ವರಯ್ಯನವರ ಯೋಜನೆ ಸಿದ್ಧವಾದ 65 ವರ್ಷಗಳ ಮೇಲೆ. ಆ ನಡುವೆ ನಗರಕ್ಕೆ ಕಾರಿನ ಅಂಗಗಳ ತಯಾರಿಕೆ ಬಂದಿತ್ತು. 1951ರಲ್ಲಿ ಸ್ಥಾಪನೆಯಾದ ಮೈಕೋ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡಿತು. ಅದರ ಸುತ್ತ ಬೆಳೆದ ನೂರಾರು ಸಣ್ಣ ವರ್ಕ್‌ಶಾಪುಗಳ ಲೇತುಗಳಲ್ಲೇ ಇಂದು ಪ್ಲಿಮತ್ತಿನ ಬ್ರೇಕ್ ಸಿಲಿಂಡರಿಗೆ ತೋಳು ಕೂರುವುದು.

ಮಸಲ್ ಕಾರು ಮತ್ತು ಬಂಕಿನ ಪೆಟ್ರೋಲು

ಅಮೆರಿಕದಲ್ಲಿ ಇದೇ ಡಾಡ್ಜ್, ಪ್ಲಿಮತ್ ಹೆಸರುಗಳು 1960ರ ದಶಕದಲ್ಲಿ ಬೇರೊಂದು ಅವತಾರ ತಾಳಿದವು. 1964ರಲ್ಲಿ ಪಾಂಟಿಯಾಕ್ ಜಿಟಿಓ ಬಂದ ಮೇಲೆ ಸಾಧಾರಣ ಗಾತ್ರದ ಕಾರಿಗೆ ದೈತ್ಯ ಎಂಜಿನ್ನು ತುರುಕುವ ಚಟ ಹತ್ತಿತು. ಕ್ರೈಸ್ಲರಿನವರು ಏಳು ಲೀಟರಿನ ಹೆಮಿ ಎಂಜಿನ್ನನ್ನೇ ರಸ್ತೆಗಿಳಿಸಿದರು. ಇವೇ ಮಸಲ್ ಕಾರುಗಳು. 1973ರ ತೈಲ ಬಿಕ್ಕಟ್ಟು ಇವುಗಳ ಸೊಕ್ಕಡಗಿಸಿತು. ಆಮದು ಬಾಗಿಲು ಮುಚ್ಚಿದ್ದ ಭಾರತಕ್ಕೆ ಇವು ಬಂದದ್ದು ಬೆರಳೆಣಿಕೆಯಷ್ಟು. ಅಮೆರಿಕದಲ್ಲಿ ಇವುಗಳ ಬಾಗಿಲ ರಬ್ಬರು, ಹಗ್ಗದ ಸೀಲು, ಟಾರು ಮುಚ್ಚಳದಂತೆ ಕಾಣುವ ಹೊಸ ಬ್ಯಾಟರಿ ಎಲ್ಲವನ್ನೂ ಕ್ಯಾಟಲಾಗು ನೋಡಿ ತರಿಸಬಹುದು. ಅದೊಂದು ದೊಡ್ಡ ಉದ್ಯಮ. ಅಲ್ಲಿಯ ಹವ್ಯಾಸಿಗೆ ಹಣ ಬೇಕು. ಇಲ್ಲಿಯವನಿಗೆ ಹಣದ ಜೊತೆಗೆ ಒಬ್ಬ ಒಳ್ಳೆಯ ಲೇತು ಕೆಲಸಗಾರನೂ ಬೇಕು.

ಹಳೆಯ ಕಾರುಗಳನ್ನು ಉಳಿಸುವ ಆಸಕ್ತಿ ನಾಡಿನಲ್ಲಿ ಕಡಿಮೆಯೇನಿಲ್ಲ. ಧರ್ಮಸ್ಥಳದ ವಸ್ತುಸಂಗ್ರಹದ ಕಾರುಗಳನ್ನು ಯಾತ್ರಿಕರು ದೇವರ ದರ್ಶನದಷ್ಟೇ ಕುತೂಹಲದಿಂದ ನೋಡುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆ 'ವಿಎ' ಎಂಬ ಪ್ರತ್ಯೇಕ ನೋಂದಣಿ ಸರಣಿ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಿಕ್ಕಬಳ್ಳಾಪುರದ ಸಾಮಾನ್ಯ ಕಾರಿಗೆ ಕೆಎ-40 ಇರುವಂತೆ ಇವಕ್ಕೆ ರಾಜ್ಯದ ಹೆಸರಿನ ಮುಂದೆ ಈ ಎರಡಕ್ಷರ. ಇಂಥ ಕಾರನ್ನು ದಿನದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ ಮತ್ತು ಇಂಧನ ತುಂಬಿಸಲು ರಸ್ತೆಗೆ ತರಬಹುದು.

ತೊಡಕು ಇರುವುದು ಆ ಇಂಧನದಲ್ಲೇ. 2023ರ ಫೆಬ್ರುವರಿಯಲ್ಲಿ, ಅದೂ ಬೆಂಗಳೂರಿನ ಸಮಾರಂಭದಲ್ಲೇ, ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದ ಬಹುತೇಕ ಬಂಕುಗಳಿಗೆ ಬಂತು. ಕಬ್ಬಿನಿಂದಷ್ಟೇ ಅಲ್ಲ, ಗೌರಿಬಿದನೂರಿನ ಹೊಲಗಳಲ್ಲಿ ಬೆಳೆಯುವಂಥ ಮುಸುಕಿನ ಜೋಳದಿಂದಲೂ ಎಥನಾಲ್ ತಯಾರಾಗುತ್ತದೆ. ರೈತನಿಗೆ ಹೊಸ ಗಿರಾಕಿ ಸಿಕ್ಕಿದ್ದು ನಿಜ. ಆದರೆ 1950ರ ಕಾರಿನ ಪೆಟ್ರೋಲ್ ಪಂಪಿನ ಪೊರೆ, ಕೊಳವೆ, ಕಾರ್ಬ್ಯುರೇಟರಿನ ಬೆಂಡಿನ ಗ್ಯಾಸ್ಕೆಟ್ಟು ಇವು ಯಾವುವೂ ಎಥನಾಲನ್ನು ಕಂಡವಲ್ಲ. ಹಳೆಯ ರಬ್ಬರು ಅದರಲ್ಲಿ ಮೆತ್ತಗಾಗಿ ಬಿರಿಯುತ್ತದೆ. ಬೆಂಡಿನ ಮೇಲೆ ಬಳಿದ ಅರಗು ಕರಗುತ್ತದೆ. ಎಥನಾಲ್ ಹೀರಿಕೊಂಡ ತೇವ ಟ್ಯಾಂಕಿನ ತಳದಲ್ಲಿ ತುಕ್ಕು ಎಬ್ಬಿಸುತ್ತದೆ. ಬಿರಿದ ಕೊಳವೆಯಿಂದ ಹನಿಯುವ ಪೆಟ್ರೋಲು ಬೀಳುವುದು ಕಾದ ಎಂಜಿನ್ನಿನ ಮೇಲೆ.

ಇದಕ್ಕೆ ಈಗ ಮಾಡುತ್ತಿರುವ ಉಪಾಯವೂ ರಬ್ಬರಿನದೇ. ಇಂಧನ ಹರಿಯುವ ದಾರಿಯ ಹಳೆಯ ರಬ್ಬರನ್ನೆಲ್ಲ ತೆಗೆದು ಫ್ಲೋರಿನ್ ಸೇರಿದ, ವಿಟಾನ್ ಎಂಬ ಹೆಸರಿನಲ್ಲಿ ಪರಿಚಿತವಾದ ರಬ್ಬರನ್ನು ಹಾಕುತ್ತಾರೆ. ಅದು ಎಥನಾಲಿಗೂ ಬಿಸಿಗೂ ಜಗ್ಗುವುದಿಲ್ಲ, ಬೆಲೆ ಮಾತ್ರ ಹಲವು ಪಾಲು. ಬ್ರೇಕಿನ ಕಪ್ಪಿಗೆ ಮಾತ್ರ ಅದನ್ನು ಹಾಕಬಾರದು. ಗ್ಲೈಕಾಲ್ ದ್ರವ ಅದಕ್ಕಾಗುವುದಿಲ್ಲ. ರ್‍ಯಾಲಿ ಮುಗಿಸಿ ಬಂದ ಮೇಲೆ ಟ್ಯಾಂಕು ಖಾಲಿ ಮಾಡಿ, ಕಾರ್ಬ್ಯುರೇಟರಿನ ಬಟ್ಟಲನ್ನು ಒಣಗಿಸಿ, ಬ್ಯಾಟರಿಯ ಮೈಗೆ ಸೇರಿದ ತುದಿಯನ್ನು ಬಿಚ್ಚಿಟ್ಟು ಶೆಡ್ಡಿನ ಬಾಗಿಲು ಹಾಕುತ್ತಾರೆ. ಪ್ಲಿಮತ್ತಾದರೆ, ಬಿಚ್ಚಬೇಕಾದ್ದು ಧನ ತುದಿ.